ಪ್ರಾಜೆಕ್ಟ್ ರನ್‌ವೇ ನೋಡುವವರು ಬನ್ನಿ, ವರ್ಕ್‌ರೂಂ ಬಗ್ಗೆ ಮಾತಾಡೋಣ

ಟೇಪು ಕತ್ತರಿ

ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ ಇದೆ. ರಾತ್ರಿ ಷಟರ್ ಎಳೆದ ಮೇಲೆ ಪ್ರಾಜೆಕ್ಟ್ ರನ್‌ವೇಯ ಹಳೆಯ ಸೀಸನ್‌ಗಳನ್ನು ನೋಡುತ್ತಾ ಬಂದಿದ್ದೇನೆ. ಎಂಟನೆಯದು ಈಗ ತಾನೇ ಮುಗಿಯಿತು. ಇದರ ಬಗ್ಗೆ ಕನ್ನಡದಲ್ಲಿ ಮಾತಾಡೋಕೆ ಜನ ಬೇಕು ಅನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ನೋಡದವರಿಗೆ ಎರಡು ಮಾತು. ಇದು ಅಮೆರಿಕದ ಫ್ಯಾಷನ್ ಡಿಸೈನ್ ಸ್ಪರ್ಧೆ. 2004ರ ಡಿಸೆಂಬರ್‌ನಲ್ಲಿ ಬ್ರಾವೋ ಚಾನೆಲ್‌ನಲ್ಲಿ ಶುರುವಾಯಿತು. ನಾನು ನೋಡಿದ ಸೀಸನ್‌ಗಳಲ್ಲಿ ನಡೆಸಿಕೊಡುತ್ತಿದ್ದವರು ಮಾಡೆಲ್ ಹೈಡಿ ಕ್ಲೂಮ್. ನ್ಯೂಯಾರ್ಕ್‌ನ ಪಾರ್ಸನ್ಸ್ ಡಿಸೈನ್ ಕಾಲೇಜಿನಲ್ಲಿ ಕಲಿಸುತ್ತಿದ್ದ ಟಿಮ್ ಗನ್ ಸ್ಪರ್ಧಿಗಳಿಗೆ ಮೇಷ್ಟ್ರಾಗಿದ್ದರು. ಡಿಸೈನರ್ ಮೈಕಲ್ ಕೋರ್ಸ್, ಫ್ಯಾಷನ್ ಪತ್ರಿಕೆಯ ನೀನಾ ಗಾರ್ಸಿಯಾ ತೀರ್ಪು ಹೇಳುತ್ತಿದ್ದರು. ವಾರಕ್ಕೊಂದು ಸವಾಲು, ಸೋತವರು ಮನೆಗೆ. ಕೊನೆಗೆ ಉಳಿದವರು ನ್ಯೂಯಾರ್ಕ್ ಫ್ಯಾಷನ್ ವೀಕ್‌ನಲ್ಲಿ ಇಡೀ ಕಲೆಕ್ಷನ್ ತೋರಿಸಬೇಕಿತ್ತು.

ಎಲ್ಲರೂ ಮಾತಾಡೋದು ಯಾರು ಗೆದ್ದರು, ಯಾರು ಅತ್ತರು, ಯಾರು ಯಾರಿಗೆ ಏನಂದರು ಅಂತ. ನನ್ನ ಪ್ರಕಾರ ಈ ಶೋದ ಜೀವ ಇರೋದು ಸ್ಪರ್ಧಿಗಳು ಕತ್ತರಿಸಿ ಹೊಲಿಯುವ ವರ್ಕ್‌ರೂಂನಲ್ಲಿ. ತೀರ್ಪುಗಾರರ ಮುಂದೆ ಒಂದು ಉಡುಪು ನಡೆದು ಹೋಗೋದು ಸ್ವಲ್ಪವೇ ಹೊತ್ತು. ಅದು ಹೇಗೆ ಹುಟ್ಟಿತು ಅಂತ ಮೊದಲಿಂದ ನೋಡಿದವರು ನಾವು. ಆ ಭಾಗ್ಯವನ್ನು ಬಿಟ್ಟು ಬರೀ ಜಗಳ ನೋಡಿದರೆ ಏನು ಬಂತು?

ಒಂದು ಉದಾಹರಣೆ ಕೊಡುತ್ತೇನೆ. ಸ್ಯಾಟಿನ್ ಅಥವಾ ಶಿಫಾನ್ ಬಟ್ಟೆಯನ್ನು ಕ್ರಾಸ್‌ನಲ್ಲಿ, ಅಂದರೆ ನೂಲಿಗೆ ಓರೆಯಾಗಿ, ಕತ್ತರಿಸಿದರೆ ಮೈಮೇಲೆ ಚೆಂದ ಇಳಿಯುತ್ತದೆ. ಆದರೆ ಕ್ರಾಸ್ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಎಲ್ಲ ಕಡೆ ಒಂದೇ ಸಮ ಜಗ್ಗುವುದಿಲ್ಲ. ನೂಲು ನೇರ ಬಿದ್ದ ಕಡೆ ಕಡಿಮೆ, ಓರೆ ಬಿದ್ದ ಕಡೆ ಜಾಸ್ತಿ. ಹಾಗಾಗಿ ಹೊಲಿದ ಮೇಲೆ ಒಂದು ರಾತ್ರಿಯಾದರೂ ತೂಗುಹಾಕಬೇಕು. ಜಗ್ಗುವಷ್ಟು ಜಗ್ಗಲಿ ಅಂತ ಬಿಟ್ಟು, ಆಮೇಲೆ ನೆಲದಿಂದ ಅಳತೆ ಹಿಡಿದು ಕೆಳಗಿನ ಅಂಚು, ಅಂದರೆ ಹೆಮ್, ಸಮ ಮಾಡಬೇಕು. ಒಂದು ದಿನದ ಸವಾಲಿನಲ್ಲಿ ಆ ರಾತ್ರಿ ಎಲ್ಲಿಂದ ಬರಬೇಕು? ಮಾಡೆಲ್ ನಡೆದು ಬರುವಾಗ ಗೌನಿನ ಅಂಚು ಒಂದು ಪಕ್ಕಕ್ಕೆ ಇಳಿದಿರುತ್ತದೆ. ಫಿನಿಶಿಂಗ್ ಸರಿಯಿಲ್ಲ ಅಂತ ತೀರ್ಪುಗಾರರು ಹೇಳುತ್ತಾರೆ. ಆ ಹೆಮ್ ಇಳಿಯುತ್ತದೆ ಅನ್ನೋದು ಹೊಲಿಯುವವರಿಗೆ ಬಟ್ಟೆ ಆರಿಸಿದ ಗಳಿಗೆಯಲ್ಲೇ ಗೊತ್ತಾಗಿರುತ್ತದೆ.

ಅದಕ್ಕೇ ಬಟ್ಟೆ ಅಂಗಡಿಯ ದೃಶ್ಯ ನನಗೆ ಬಹಳ ಮುಖ್ಯ. ಸಾಮಾನ್ಯವಾಗಿ ಸಿಗೋದು ಅರ್ಧ ಗಂಟೆ. ಅಷ್ಟರಲ್ಲಿ ಬಟ್ಟೆ, ಲೈನಿಂಗ್, ಜಿಪ್, ದಾರ ಎಲ್ಲ ಆಗಬೇಕು. ಬಜೆಟ್ ಮೀರುವ ಹಾಗಿಲ್ಲ. ಲೈನಿಂಗ್ ಮರೆತವರ ಕಥೆ ಅಲ್ಲಿಗೇ ಅರ್ಧ ಮುಗಿಯಿತು.

ನೀವೆಲ್ಲ ಏನು ನೋಡುತ್ತೀರಿ? ಹೇಳಿ.

ಜರ್ಸಿ ಕನ್ನಡತಿ

ಅಕ್ಕಾ, ಆ ಬಟ್ಟೆ ಅಂಗಡಿಗೆ ನಾನು ಹೋಗಿ ಬಂದಿದ್ದೇನೆ! ಮೂಡ್ ಅಂತ ಹೆಸರು. ಮ್ಯಾನ್‌ಹಟನ್‌ನ 37ನೇ ಬೀದಿಯಲ್ಲಿದೆ, ಲಿಫ್ಟ್ ಹತ್ತಿ ಮೇಲೆ ಹೋಗಬೇಕು. ಹೊರಗಿನಿಂದ ನೋಡಿದರೆ ಅಲ್ಲಿ ಇಷ್ಟು ದೊಡ್ಡ ಅಂಗಡಿ ಇದೆ ಅಂತ ಗೊತ್ತೇ ಆಗಲ್ಲ. ಒಳಗೆ ಹೋದರೆ ನೆಲದಿಂದ ತಲೆಯ ಮೇಲಿನವರೆಗೂ ಬಟ್ಟೆಯ ಥಾನುಗಳು. ಎರಡು ಸಾಲಿನ ನಡುವೆ ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕು. ಟೀವಿಯಲ್ಲಿ ಅವರು ಓಡಾಡೋದು ನೋಡಿ ಅಂಗಡಿ ವಿಶಾಲ ಅಂದುಕೊಂಡಿರುತ್ತೇವೆ. ಆ ಇಕ್ಕಟ್ಟಿನಲ್ಲಿ ಕ್ಯಾಮೆರಾದವರ ಜತೆ ಅರ್ಧ ಗಂಟೆಯಲ್ಲಿ ಬಟ್ಟೆ ಆರಿಸೋದು ಸುಮ್ನೆ ಮಾತಲ್ಲ.

ಆ ಇಡೀ ಏರಿಯಾನೇ ಗಾರ್ಮೆಂಟ್ ಡಿಸ್ಟ್ರಿಕ್ಟ್. ಸೆವೆಂತ್ ಅವೆನ್ಯೂದಲ್ಲಿ ಒಂದು ದೊಡ್ಡ ಅಂಗಿ ಗುಂಡಿ, ಅದಕ್ಕೆ ಚುಚ್ಚಿದ ಸೂಜಿಯ ಶಿಲ್ಪ ಇದೆ. ಹತ್ತಿರದಲ್ಲೇ ಹೊಲಿಗೆ ಮೆಷಿನ್ ಮುಂದೆ ತಲೆ ಬಗ್ಗಿಸಿ ಕೂತ ದರ್ಜಿಯ ಕಂಚಿನ ಪ್ರತಿಮೆ ಇದೆ. ಜೂಡಿತ್ ವೆಲ್ಲರ್ ಮಾಡಿದ್ದು, 1984ರದು. ಪ್ರವಾಸಿಗರು ಗುಂಡಿ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಜಾಸ್ತಿ ಹೊತ್ತು ನಿಂತಿದ್ದು ದರ್ಜಿ ಮುಂದೆ.

ಫೈನಲ್ ಮೊದಲೆಲ್ಲ ಅಲ್ಲಿಂದ ಸ್ವಲ್ಪ ದೂರದ ಬ್ರಯಂಟ್ ಪಾರ್ಕ್‌ನಲ್ಲಿ ಟೆಂಟ್ ಹಾಕಿ ನಡೆಯುತ್ತಿತ್ತು. 2010ರಲ್ಲಿ ಫ್ಯಾಷನ್ ವೀಕ್ ಲಿಂಕನ್ ಸೆಂಟರ್‌ಗೆ ಹೋಯಿತು.

ಬರೀ ನೋಡುಗ

ಚರ್ಚೆ ಚೆನ್ನಾಗಿದೆ, ಆದರೆ ಒಂದು ಮಾತು. ವರ್ಕ್‌ರೂಂ ಅಂತ ನೀವು ನೋಡೋದೂ ಎಡಿಟ್ ಆಗಿ ಬಂದದ್ದೇ ಅಲ್ವಾ? ಹತ್ತಾರು ಗಂಟೆ ಕೆಲಸವನ್ನು ಕೆಲವೇ ನಿಮಿಷಕ್ಕೆ ಇಳಿಸುತ್ತಾರೆ. ಯಾರ ಕೈ ತೋರಿಸಬೇಕು, ಯಾರ ಕಣ್ಣೀರು ತೋರಿಸಬೇಕು ಅಂತ ನಿರ್ಮಾಪಕರು ತೀರ್ಮಾನಿಸುತ್ತಾರೆ. ಬ್ರಾವೋ ಕಾಲದ ಎಪಿಸೋಡ್‌ಗಳ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸೂಚನೆ ಬರುತ್ತಿತ್ತು. ತೀರ್ಪುಗಾರರು ನಿರ್ಮಾಪಕರ ಜತೆ ಸಮಾಲೋಚಿಸಿ ನಿರ್ಧಾರ ತೆಗೆದುಕೊಂಡಿದ್ದಾರೆ, ಕೆಲವು ಎಲಿಮಿನೇಷನ್‌ಗಳನ್ನು ಚಾನೆಲ್ ಜತೆಗೂ ಚರ್ಚಿಸಲಾಗಿದೆ ಅಂತ. ಅಂದರೆ ಚೆನ್ನಾಗಿ ಜಗಳ ಆಡುವವರು ಎರಡು ವಾರ ಜಾಸ್ತಿ ಉಳಿಯಬಹುದು. ಇದನ್ನು ಕಲಿಕೆಯ ಕಾರ್ಯಕ್ರಮ ಅಂತ ನೋಡೋದು ನನಗಂತೂ ಕಷ್ಟ.

ಟೇಪು ಕತ್ತರಿ

ನಿಮ್ಮ ಮಾತು ಒಪ್ಪುತ್ತೇನೆ. ಮಾತನ್ನು ಕತ್ತರಿಸಿ ಜೋಡಿಸಬಹುದು. ಯಾರೋ ಯಾವಾಗಲೋ ಆಡಿದ್ದನ್ನು ಇನ್ನೆಲ್ಲೋ ಅಂಟಿಸಬಹುದು. ಬಟ್ಟೆಗೆ ಹಾಗೆ ಮಾಡೋಕೆ ಬರಲ್ಲ. ಸ್ಯಾಟಿನ್‌ಗೆ ದಪ್ಪ ಸೂಜಿ ಹಾಕಿ ಟೆನ್ಷನ್ ಬಿಗಿ ಇಟ್ಟು ಹೊಲಿದರೆ ಹೊಲಿಗೆಯುದ್ದಕ್ಕೂ ಸಣ್ಣ ಸಣ್ಣ ಸುಕ್ಕು ಬರುತ್ತವೆ. ಇಸ್ತ್ರಿ ಎಷ್ಟು ಹಾಕಿದರೂ ಪೂರ್ತಿ ಹೋಗಲ್ಲ. ಆ ಸುಕ್ಕು ರನ್‌ವೇ ದೀಪದ ಕೆಳಗೆ ಇನ್ನೂ ಎದ್ದು ಕಾಣುತ್ತದೆ. ಯಾವ ಎಡಿಟರ್ ಬಂದರೂ ಅದನ್ನು ಅಳಿಸಲಾರ.

ಮಾತು ಬಿಡಿ, ಕೈ ನೋಡಿ. ಬೇಕಿದ್ದರೆ ಶಬ್ದ ಬಂದ್ ಮಾಡಿ ಒಂದು ಎಪಿಸೋಡ್ ನೋಡಿ. ಯಾರು ಮೊದಲು ಕೋರಾ ಬಟ್ಟೆಯಲ್ಲಿ ಮಾದರಿ ಮಾಡಿಕೊಳ್ಳುತ್ತಾರೆ, ಯಾರು ನೇರ ಒಳ್ಳೆ ಬಟ್ಟೆಗೇ ಕತ್ತರಿ ಹಾಕುತ್ತಾರೆ. ಯಾರು ಕಂಕುಳ ಸುತ್ತು ಸರಿಮಾಡಿಕೊಂಡು ತೋಳು ಕೂರಿಸುತ್ತಾರೆ, ಯಾರು ಸಮಯ ಸಾಲದೆ ತೋಳೇ ಬೇಡ ಅಂತ ಬಿಡುತ್ತಾರೆ. ಇದೆಲ್ಲ ಕಣ್ಣಿಗೆ ಬೀಳುತ್ತದೆ.

ಗೋವಿನಜೋಳ

ನಾನು ಹಾವೇರಿ ಕಡೆಯವ, ಹೊಲಿಗೆ ಗೊತ್ತಿಲ್ಲ. ಆದರೆ ಮೊದಲ ಸೀಸನ್ನಿನ ಮೊದಲ ಎಪಿಸೋಡ್ ನೋಡಿ ಮರುಳಾದೆ. ದಿನಸಿ ಅಂಗಡಿಗೆ ಕರೆದುಕೊಂಡು ಹೋಗಿ ಕೈಗೆ 50 ಡಾಲರ್ ಕೊಟ್ಟು, ಇಲ್ಲಿ ಸಿಗೋದರಲ್ಲೇ ಉಡುಪು ಮಾಡಿ ಅಂದರು. ಆಸ್ಟಿನ್ ಸ್ಕಾರ್ಲೆಟ್ ಅನ್ನೋ ಹುಡುಗ ಗೋವಿನಜೋಳದ ತೆನೆ ಸಿಪ್ಪೆ ಬಿಡಿಸಿ ಬಿಡಿಸಿ ಒಂದು ಫ್ರಾಕ್ ಮಾಡಿ ಗೆದ್ದ. ನಮ್ಮ ಹೊಲದಲ್ಲಿ ಆ ಸಿಪ್ಪೆ ದನಕ್ಕೆ ಹಾಕುತ್ತೇವೆ. ಹಸಿ ಸಿಪ್ಪೆ ಒಂದು ರಾತ್ರಿಗೇ ಒಣಗಿ ಮುದುಡುತ್ತದೆ, ಬಣ್ಣ ಹೋಗುತ್ತದೆ. ಅದು ಗೊತ್ತಿದ್ದಕ್ಕೇ ನನಗೆ ಅಷ್ಟು ಆತಂಕ. ಬೆಳಗ್ಗೆವರೆಗೂ ತಡೀತದೋ ಇಲ್ಲವೋ ಅಂತ ಕೂತೇ ನೋಡಿದೆ.

ಏಳನೇ ಸೀಸನ್‌ನಲ್ಲಿ ಆಲೂಗಡ್ಡೆ ತುಂಬುವ ಗೋಣಿಚೀಲದಲ್ಲಿ ಪಾರ್ಟಿಗೆ ಹಾಕುವಂಥ ಡ್ರೆಸ್ ಮಾಡಿಸಿದರು. ಅದನ್ನೂ ನೋಡಿ. ಗೋಣಿ ನೂಲು ಕತ್ತರಿಸಿದ ಕಡೆಯೆಲ್ಲ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕೆಲವರು ಅದನ್ನೇ ಅಂದ ಮಾಡಿಕೊಂಡರು.

ಡಿಸೈನ್ ಓದ್ತಿರೋಳು

ಟೇಪು ಕತ್ತರಿ ಅವರೇ, ಎಂಟನೇ ಸೀಸನ್ ಮುಗಿಸಿದ್ದೀರಿ ಅಂದರೆ ಅದರ ತೀರ್ಪಿನ ಬಗ್ಗೆ ಮಾತಾಡಲೇಬೇಕು. (ನೋಡದವರು ಈ ಪೋಸ್ಟ್ ದಾಟಿ ಹೋಗಿ.)

2010ರ ಆ ಫೈನಲ್ ಇವತ್ತಿಗೂ ನನಗೆ ನುಂಗೋಕಾಗಿಲ್ಲ. ಮಾಂಡೋ ಗೆರಾ ಒಂದು ಕಡೆ, ಗ್ರೆಚೆನ್ ಜೋನ್ಸ್ ಇನ್ನೊಂದು ಕಡೆ. ಹೈಡಿ ಮತ್ತು ಅತಿಥಿಯಾಗಿ ಬಂದಿದ್ದ ಗಾಯಕಿ ಜೆಸ್ಸಿಕಾ ಸಿಂಪ್ಸನ್ ಮಾಂಡೋ ಪರ. ಕೋರ್ಸ್ ಮತ್ತು ಗಾರ್ಸಿಯಾ ಗ್ರೆಚೆನ್ ಪರ. ಕೊನೆಗೆ ಗ್ರೆಚೆನ್ ಗೆದ್ದರು. ಮಣ್ಣಿನ ಬಣ್ಣ, ಸಡಿಲ ಉಡುಪು, ಆ ವರ್ಷದ ಗಾಳಿಗೆ ಸರಿಯಾಗಿತ್ತು ಅಂತ ವಾದ. ಮಾಂಡೋ ಕಲೆಕ್ಷನ್‌ನಲ್ಲಿ ಬಣ್ಣದ ಮೇಲೆ ಬಣ್ಣ, ಪ್ರಿಂಟ್ ಮೇಲೆ ಪ್ರಿಂಟ್. ಚೌಕಳಿ, ಪಟ್ಟೆ, ಚುಕ್ಕಿ ಒಟ್ಟಿಗೆ ಸೇರಿಸಿಯೂ ಗಜಿಬಿಜಿ ಅನಿಸದ ಹಾಗೆ ಮಾಡೋದು ಎಷ್ಟು ಕಷ್ಟ ಅಂತ ನಮ್ಮ ಕ್ಲಾಸ್‌ನಲ್ಲಿ ಒಂದು ಅಸೈನ್‌ಮೆಂಟ್ ಮಾಡಿದವರಿಗೆಲ್ಲ ಗೊತ್ತು. ಒಂದು ಪ್ರಿಂಟ್ ದೊಡ್ಡದಿದ್ದರೆ ಪಕ್ಕದ್ದು ಚಿಕ್ಕದಿರಬೇಕು. ಒಂದು ಬಣ್ಣವಾದರೂ ಎರಡರಲ್ಲೂ ಇರಬೇಕು. ಅವರ ಕೈಗೆ ಅದು ತಾನಾಗಿ ಬರುತ್ತಿತ್ತು.

ಅದೇ ಸೀಸನ್‌ನಲ್ಲಿ ಸ್ವಂತ ಬದುಕಿನಿಂದ ಒಂದು ಪ್ರಿಂಟ್ ಮಾಡಿ ಅಂದಾಗ ಅವರು ಪ್ಲಸ್ ಚಿಹ್ನೆಗಳ ಪ್ರಿಂಟ್ ಮಾಡಿ ಪ್ಯಾಂಟ್ ಹೊಲಿದರು. ಅದರ ಅರ್ಥ ಏನು ಅಂತ ಮೊದಲು ಯಾರಿಗೂ ಹೇಳಲಿಲ್ಲ. ಆಮೇಲೆ ರನ್‌ವೇ ಮೇಲೆ ನಿಂತು, ತಮಗೆ ಎಚ್‌ಐವಿ ಪಾಸಿಟಿವ್ ಇದೆ, ಹತ್ತು ವರ್ಷದಿಂದ ಇದನ್ನು ಮುಚ್ಚಿಟ್ಟುಕೊಂಡು ಬಂದಿದ್ದೇನೆ ಅಂತ ಹೇಳಿದರು. ನಾನು ಆಗ ಚಿಕ್ಕವಳು. ಈ ಎಪಿಸೋಡ್ ನೋಡಿದ್ದು ಆಮೇಲೆ, ಹಾಸ್ಟೆಲ್‌ನಲ್ಲಿ. ರೂಮಿನಲ್ಲಿದ್ದ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ಪ್ರಿಂಟ್ ಇಷ್ಟನ್ನು ಹೊರಬಹುದು ಅಂತ ನನಗೆ ಮನದಟ್ಟಾಗಿದ್ದು ಅವತ್ತೇ.

2012ರಲ್ಲಿ, ಹಳೆಯ ಸ್ಪರ್ಧಿಗಳೇ ಮತ್ತೆ ಬರುವ ಆಲ್ ಸ್ಟಾರ್ಸ್‌ನ ಮೊದಲ ಸೀಸನ್ ಅವರೇ ಗೆದ್ದರು. ಅದು ಒಂದು ಸಮಾಧಾನ.

ಟೇಪು ಕತ್ತರಿ

ನನಗೂ ಮಾಂಡೋನೇ ಇಷ್ಟ. ಆದರೆ ಗ್ರೆಚೆನ್ ಬಟ್ಟೆಗಳನ್ನು ನಾಳೆಯೇ ಅಂಗಡಿಯಲ್ಲಿ ತೂಗುಹಾಕಿ ಮಾರಬಹುದಿತ್ತು ಅನ್ನೋದೂ ನಿಜ. ತೀರ್ಪುಗಾರರಲ್ಲಿ ಇಬ್ಬರು ಮಾರೋ ಕಣ್ಣಿನಿಂದ ನೋಡಿದರು, ಇಬ್ಬರು ಕುಣಿಯೋ ಕಣ್ಣಿನಿಂದ ನೋಡಿದರು. ಈ ಎರಡರ ಎಳೆದಾಟ ಪ್ರತಿ ಸೀಸನ್‌ನಲ್ಲೂ ಇದ್ದದ್ದೇ.

ಲೈನ್ ಸೂಪರ್‌ವೈಸರ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಪೀಣ್ಯ ಕಡೆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಲೈನ್ ನೋಡಿಕೊಳ್ಳುತ್ತೇನೆ. ಮೊದಲು ನಾನೂ ಮೆಷಿನ್ ಮೇಲೆ ಇದ್ದವಳೇ. ಮಗಳು ಈ ಶೋ ಹಚ್ಚಿಕೊಟ್ಟಳು.

ನಮ್ಮಲ್ಲಿ ಒಂದು ಶರ್ಟ್ ಅಂದರೆ ಒಬ್ಬರ ಕೆಲಸ ಅಲ್ಲ. ಕಾಲರ್ ಒಬ್ಬರು, ಕಫ್ ಒಬ್ಬರು, ಪಾಕೆಟ್ ಒಬ್ಬರು, ಸೈಡ್ ಸೀಮ್ ಒಬ್ಬರು, ಕಾಜಾ ಒಬ್ಬರು. ಬಂಡಲ್ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ವರ್ಷಗಟ್ಟಲೆ ಕಾಲರ್ ಹೊಲಿದ ಹೆಂಗಸು ಕಣ್ಣು ಮುಚ್ಚಿ ಕಾಲರ್ ಹೊಲಿಯುತ್ತಾಳೆ. ಆದರೆ ಪೂರ್ತಿ ಶರ್ಟ್ ಅವಳ ಕೈಯಲ್ಲಿ ಆಗೋ ಅವಕಾಶವೇ ಬರಲ್ಲ. ಇಲ್ಲಿ ಒಬ್ಬರೇ ಯೋಚನೆ ಮಾಡಿ, ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ, ಮೈಮೇಲೆ ಹಾಕಿಸೋವರೆಗೂ ಮಾಡುತ್ತಾರಲ್ಲ, ಅದನ್ನು ನೋಡೋಕೆ ನನಗೆ ಬಹಳ ಖುಷಿ.

ಈಗ ನನ್ನ ತಕರಾರು. 2020ರಲ್ಲಿ ಹೈಡಿ ಮತ್ತು ಟಿಮ್ ಗನ್ ಇಬ್ಬರೂ ಸೇರಿ ಅಮೆಜಾನ್‌ನಲ್ಲಿ ಮೇಕಿಂಗ್ ದ ಕಟ್ ಅಂತ ಇನ್ನೊಂದು ಶೋ ಮಾಡಿದರು. ಗೆದ್ದವರಿಗೆ ಹತ್ತು ಲಕ್ಷ ಡಾಲರ್. ಅದರಲ್ಲಿ ಡಿಸೈನರ್‌ಗಳು ಸಂಜೆ ಕೆಲಸ ಬಿಟ್ಟು ಹೋಗುವಾಗ ಏನೇನು ಹೊಲಿಯಬೇಕು ಅಂತ ಬರೆದಿಟ್ಟು ಹೋಗುತ್ತಾರೆ. ರಾತ್ರಿ ಹೊಲಿಯುವವರು ಬಂದು ಕೆಲಸ ಮುಗಿಸುತ್ತಾರೆ. ಬೆಳಗ್ಗೆ ಬಂದವರು ಬಟ್ಟೆ ಎತ್ತಿ ನೋಡಿ, ಇದು ನಾನು ಹೇಳಿದ ಹಾಗಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ರಾತ್ರಿ ಹೊಲಿದವರಿಗೂ ಒಂದು ಮಾತಿರುತ್ತಲ್ವಾ? ಬರೆದಿಟ್ಟದ್ದು ಅರ್ಥವಾಗೋ ಹಾಗಿತ್ತಾ, ಅಳತೆ ಎಲ್ಲ ಹಾಕಿದ್ದರಾ? ಅದನ್ನು ಯಾರೂ ಕೇಳಲ್ಲ. ಬೇರೆಯವರಿಗೆ ಕೊಟ್ಟು ಹೊಲಿಸುವಾಗ ಅಳತೆ ಬರೆಯೋದೇ ಅರ್ಧ ಕೆಲಸ. ಹೊಲಿಗೆಗೆ ಎಷ್ಟು ಬಟ್ಟೆ ಬಿಡಬೇಕು, ಯಾವ ಹೊಲಿಗೆ ಮೊದಲು, ಯಾವ ದಾರ, ಇಂಚಿಗೆ ಎಷ್ಟು ಸ್ಟಿಚ್. ಇಷ್ಟಿಲ್ಲದೆ ಬಂದ ಸ್ಯಾಂಪಲ್ ಶೀಟ್ ನಮ್ಮ ಲೈನ್‌ಗೆ ಬಂದರೆ ನಾವು ವಾಪಸ್ ಕಳಿಸುತ್ತೇವೆ.

ಹೊಲಿದವರ ಮುಖ ತೋರಿಸಿ, ಹೆಸರು ಹೇಳಿ. ನನ್ನದು ಇಷ್ಟೇ ಬೇಡಿಕೆ.

ಬರೀ ನೋಡುಗ

ಸೂಪರ್‌ವೈಸರ್ ಮೇಡಂ ಮಾತು ಓದಿ ಮನಸ್ಸಿಗೆ ತಟ್ಟಿತು. ಆದರೂ ಕೇಳುತ್ತೇನೆ, ಡಿಸೈನರ್ ಅಂದರೆ ಹೊಲಿಯಲೇಬೇಕಾ? ದೊಡ್ಡ ದೊಡ್ಡ ಹೆಸರಿನವರ ಹಿಂದೆಲ್ಲ ಪ್ಯಾಟರ್ನ್ ಕತ್ತರಿಸುವವರು, ಹೊಲಿಯುವವರು ಇದ್ದಾರೆ. 2011ರ ಒಂಬತ್ತನೇ ಸೀಸನ್ ಗೆದ್ದ ಆನ್ಯಾ ಅಯೂಂಗ್ ಚೀ ಟ್ರಿನಿಡಾಡ್‌ನವರು. ಶೋಗೆ ಬರೋ ಕೆಲವೇ ತಿಂಗಳ ಹಿಂದೆ ಹೊಲಿಗೆ ಕಲಿತವರು. ಆದರೂ ಯಾವ ಪ್ರಿಂಟ್ ಯಾವ ಮೈಗೆ ಒಪ್ಪುತ್ತದೆ ಅನ್ನೋ ಕಣ್ಣು ಅವರಿಗಿತ್ತು. ಗೆದ್ದರು.

ಡಿಸೈನ್ ಓದ್ತಿರೋಳು

ಹೊಲಿಯಲೇಬೇಕು ಅಂತಿಲ್ಲ. ಆದರೆ ಹೊಲಿಗೆ ಗೊತ್ತಿರಬೇಕು. ಗೊತ್ತಿಲ್ಲದವರು ಕಾಗದದ ಮೇಲೆ ಚೆಂದದ ಚಿತ್ರ ಬರೆಯುತ್ತಾರೆ, ಆ ತೋಳಿನೊಳಗೆ ಕೈ ಹೋಗಲ್ಲ. ಆನ್ಯಾ ವಿಷಯದಲ್ಲಿ ಒಂದು ಗಮನಿಸಿ. ಅವರು ತಮಗೆ ಬರುವ ಹೊಲಿಗೆಯಲ್ಲೇ ಆಗುವಂಥ ಉಡುಪುಗಳನ್ನೇ ಹೆಚ್ಚು ಯೋಚಿಸಿದರು. ಸಡಿಲವಾಗಿ ಇಳಿಬೀಳುವ ಉಡುಪು, ಚೆಂದದ ಪ್ರಿಂಟ್. ತನ್ನ ಮಿತಿ ಗೊತ್ತಿರೋದೂ ಒಂದು ವಿದ್ಯೆ.

ಟೇಪು ಕತ್ತರಿ

ಇದೇ ಪ್ರಶ್ನೆ ಮೂರನೇ ಸೀಸನ್ನಿನ ಫೈನಲ್‌ನಲ್ಲೂ ಎದ್ದಿತ್ತು, ನೆನಪಿದೆಯಾ? ಜೆಫ್ರಿ ಸೆಬೆಲಿಯಾ ಅವರ ಬಟ್ಟೆಗಳ ಹೊಲಿಗೆ ಬಹಳ ನಾಜೂಕಾಗಿದೆ, ಇಷ್ಟು ದಿನದಲ್ಲಿ ಒಬ್ಬರೇ ಮಾಡೋಕೆ ಸಾಧ್ಯವಾ ಅಂತ ಲಾರಾ ಬೆನೆಟ್ ಕೇಳಿದರು. ವಿಚಾರಣೆ ಆಯಿತು. ಹೊರಗಿನವರಿಂದ ಹೊಲಿಸಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಲೆಕ್ಕ ನೋಡಿದಾಗ ಖರ್ಚು ಬಜೆಟ್ ಮೀರಿತ್ತು ಅಂತ ಮಾಡೆಲ್‌ಗಳಿಗೆ ಹಾಕಬೇಕೆಂದಿದ್ದ ವಿಗ್‌ಗಳನ್ನು ಬಿಡಬೇಕಾಯಿತು. ಕೊನೆಗೆ ಅವರೇ ಗೆದ್ದರು. ಬರೀ ಹೊಲಿಗೆ ನೋಡಿಯೇ ಲಾರಾ ಆ ಪ್ರಶ್ನೆ ಎತ್ತಿದ್ದರು ಅನ್ನೋದು ನನಗೆ ಮುಖ್ಯ. ಹೊಲಿಯುವವರು ಇನ್ನೊಬ್ಬರ ಹೊಲಿಗೆಯನ್ನು ಹಾಗೆ ಓದುತ್ತಾರೆ.

ಅದೇ ಸೀಸನ್ನಿನ ಇನ್ನೊಂದು ಎಪಿಸೋಡ್ ಬಗ್ಗೆ ನಾನು ಬರೆಯಲೇಬೇಕು. ಸ್ಪರ್ಧಿಗಳ ತಾಯಂದಿರು, ಅಕ್ಕತಂಗಿಯರು ಬಂದಿದ್ದರು. ಅವರಿಗೆ ಉಡುಪು ಮಾಡಿ ಅಂತ ಸವಾಲು. ಅಲ್ಲಿಯವರೆಗೆ ತೆಳ್ಳಗಿನ ಎತ್ತರದ ಮಾಡೆಲ್‌ಗಳಿಗೆ ಸಲೀಸಾಗಿ ಹೊಲಿದವರೆಲ್ಲ ತಡಬಡಾಯಿಸಿದರು. ಜೆಫ್ರಿಗೆ ಸಿಕ್ಕಿದ್ದು ಸಹಸ್ಪರ್ಧಿಯೊಬ್ಬರ ತಾಯಿ. ಅವರಿಬ್ಬರ ನಡುವೆ ಮಾತಿಗೆ ಮಾತು ಬೆಳೆದು ಆ ಹೆಂಗಸು ಅತ್ತುಬಿಟ್ಟರು. ನೋಡಿ ನನಗೆ ತಡೆಯಲಾಗಲಿಲ್ಲ.

ನನ್ನ ಅಂಗಡಿಗೆ ಬರುವವರು ಮಾಡೆಲ್‌ಗಳಲ್ಲ. ಹೆರಿಗೆ ಆದವರು, ಆಪರೇಷನ್ ಆದವರು, ಒಂದು ಭುಜ ಇಳಿದವರು, ಬೆನ್ನು ಬಾಗಿದವರು. ದಪ್ಪ ಮೈಗೆ ಹೊಲಿಯೋದು ಅಂದರೆ ಸಣ್ಣ ಅಳತೆಯನ್ನು ಎಲ್ಲ ಕಡೆ ದೊಡ್ಡದು ಮಾಡೋದಲ್ಲ. ಎದೆಯ ಅಳತೆ ಜಾಸ್ತಿ ಆದಷ್ಟು ಭುಜ ಜಾಸ್ತಿ ಆಗಿರಲ್ಲ. ಭುಜವನ್ನೂ ಅಗಲ ಮಾಡಿದರೆ ಬ್ಲೌಸ್ ಜಾರುತ್ತದೆ. ಟಕ್ಸ್ ಅಂದರೆ ಮೈಗೆ ಕೂರಲಿ ಅಂತ ಬಟ್ಟೆ ಮಡಿಸಿ ಹಾಕುವ ಹೊಲಿಗೆ. ಅದರ ತುದಿ ಎದೆಯ ತುದಿಗಿಂತ ಒಂದು ಬೆರಳು ಹಿಂದೆಯೇ ನಿಲ್ಲಬೇಕು, ಇಲ್ಲದಿದ್ದರೆ ಅಲ್ಲಿ ಮೊನೆ ಏಳುತ್ತದೆ. ಮುಂಭಾಗಕ್ಕೆ ಉದ್ದ ಬೇರೆ ಕೊಡಬೇಕು, ಕೊಡದಿದ್ದರೆ ಕೈ ಎತ್ತಿದಾಗ ಬ್ಲೌಸ್ ಮೇಲಕ್ಕೆ ಬರುತ್ತದೆ. ಇಷ್ಟೆಲ್ಲ ಮಾಡಿ, ಟ್ರಯಲ್ ನೋಡುವಾಗ ಅವರ ಮುಖಕ್ಕೆ ನಾಚಿಕೆ ಆಗದ ಹಾಗೆ ಮಾತಾಡಬೇಕು. ಈ ಕೊನೆಯದು ಆ ಎಪಿಸೋಡ್‌ನಲ್ಲಿ ಹಲವರಿಗೆ ಬರಲಿಲ್ಲ.

ಆಮೇಲೆ ಶೋ ಬದಲಾಗಿದೆ ಅಂತ ಕೇಳಿದ್ದೇನೆ. ಮುಂದಿನ ಸೀಸನ್ ನೋಡಿದವರು ಹೇಳಿ.

ಜರ್ಸಿ ಕನ್ನಡತಿ

ಹೌದು, ಬದಲಾಗಿದೆ. 2015ರಲ್ಲಿ 14ನೇ ಸೀಸನ್ ಗೆದ್ದ ಆಶ್ಲಿ ನೆಲ್ ಟಿಪ್ಟನ್ ಫೈನಲ್‌ನಲ್ಲಿ ಇಡೀ ಪ್ಲಸ್ ಸೈಜ್, ಅಂದರೆ ದಪ್ಪ ಮೈಯವರ, ಕಲೆಕ್ಷನ್ ತೋರಿಸಿದರು. ಅಂಥ ಕಲೆಕ್ಷನ್ ಗೆದ್ದದ್ದು ಅದೇ ಮೊದಲು. 2017ರ 16ನೇ ಸೀಸನ್‌ನಿಂದ ಬೇರೆ ಬೇರೆ ಅಳತೆಯ ಮಾಡೆಲ್‌ಗಳನ್ನು ತಂದರು. ಮಾಡೆಲ್‌ಗಳು ಸ್ಪರ್ಧಿಯಿಂದ ಸ್ಪರ್ಧಿಗೆ ಬದಲಾಗುತ್ತಾರೆ. ಹಾಗಾಗಿ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೆಲವರ ಮುಖ ನೋಡಿದರೆ ದಪ್ಪ ಮಾಡೆಲ್ ಬಂದದ್ದು ಶಿಕ್ಷೆ ಅಂದುಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಅಂಥವರು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

ಈ ವಿಷಯದಲ್ಲಿ ನನ್ನ ಮೆಚ್ಚಿನವರು ಕ್ರಿಶ್ಚಿಯನ್ ಸಿರಿಯಾನೊ. 2008ರಲ್ಲಿ ನಾಲ್ಕನೇ ಸೀಸನ್ ಗೆದ್ದಾಗ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. 2016ರಲ್ಲಿ ನಟಿ ಲೆಸ್ಲಿ ಜೋನ್ಸ್, ತನ್ನ ಸಿನಿಮಾದ ಪ್ರೀಮಿಯರ್‌ಗೆ ಉಡುಪು ಕೊಡಲು ಯಾವ ಡಿಸೈನರೂ ಮುಂದೆ ಬರುತ್ತಿಲ್ಲ ಅಂತ ಬಹಿರಂಗವಾಗಿ ಹೇಳಿದಾಗ ಕೈ ಎತ್ತಿದ್ದು ಇವರೇ. ಕೆಂಪು ಗೌನ್ ಮಾಡಿಕೊಟ್ಟರು. 2019ರ ಆಸ್ಕರ್‌ಗೆ ನಟ ಬಿಲ್ಲಿ ಪೋರ್ಟರ್ ಹಾಕಿದ ಕಪ್ಪು ಟಕ್ಸಿಡೊ ಗೌನ್ ಕೂಡ ಇವರದೇ. ಅದೇ ವರ್ಷ ಶೋಗೆ ಟಿಮ್ ಗನ್ ಜಾಗದಲ್ಲಿ ಮಾರ್ಗದರ್ಶಕರಾಗಿ ಬಂದರು. ಸ್ಪರ್ಧಿಯಾಗಿದ್ದವನೇ ಮೇಷ್ಟ್ರಾಗಿ ಬಂದದ್ದು ಬಹಳ ಸರಿ ಅನಿಸಿತು. ವರ್ಕ್‌ರೂಂನ ಸಂಕಟ ಗೊತ್ತಿದ್ದ ಮನುಷ್ಯ.

ಗೋವಿನಜೋಳ

2025ರಲ್ಲಿ ಬಂದ 21ನೇ ಸೀಸನ್ ಇನ್ನೂ ನೋಡಿಲ್ಲ ನಾನು. ಹೈಡಿ ವಾಪಸ್ ಬಂದಿದ್ದಾರೆ ಅನ್ನೋದಷ್ಟೇ ಗೊತ್ತು. ಯಾರು ಗೆದ್ದರು ಅಂತ ದಯವಿಟ್ಟು ಇಲ್ಲಿ ಯಾರೂ ಹಾಕಬೇಡಿ.

ಧಾರವಾಡದ ಸೂಜಿ

ನಾನು ಕಸೂತಿ ಹಾಕುವವಳು. ಎಲ್ಲರೂ ಬರೆದದ್ದು ಓದಿದೆ. ನನ್ನದೊಂದು ಬೇರೆ ದೂರು ಇದೆ.

ಈ ಶೋಗಳಲ್ಲಿ ಗಡಿಯಾರಕ್ಕೇ ಮೊದಲ ಮರ್ಯಾದೆ. ಒಂದು ದಿನ, ಎರಡು ದಿನ. ಅಷ್ಟರಲ್ಲಿ ಕೈಕೆಲಸಕ್ಕೆ ಜಾಗವೇ ಇಲ್ಲ. ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ. ಎಳೆ ಎಣಿಸಿಕೊಂಡು ಒಂದು ಟಾಕಿ ಬಿಟ್ಟು ಒಂದು ಟಾಕಿ ಹಾಕುತ್ತಾ ಹೋಗಬೇಕು. ಆಮೇಲೆ ಅದೇ ದಾರಿಯಲ್ಲಿ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು. ಎಲ್ಲೂ ಗಂಟು ಹಾಕುವ ಹಾಗಿಲ್ಲ. ಹಿಂದೆ ತಿರುಗಿಸಿದರೂ ಮುಂದಿನಷ್ಟೇ ಚೊಕ್ಕ ಕಾಣಬೇಕು. ಒಂದು ಎಳೆ ತಪ್ಪಿದರೆ ವಾಪಸ್ ಬರುವಾಗ ದಾರಿ ಕೂಡಲ್ಲ, ಬಿಚ್ಚಬೇಕು. ಇಳಕಲ್ ಸೀರೆಯ ಸೆರಗಿಗೆ ಒಂದು ಗೋಪುರ, ಒಂದು ರಥ ಹಾಕೋಕೆ ಎಷ್ಟು ದಿನ ಬೇಕು ಅಂತ ನಿಮಗೇ ಗೊತ್ತು. ಇಂಥ ಕೆಲಸ ಬಲ್ಲವರು ಆ ಸ್ಪರ್ಧೆಗೆ ಹೋದರೆ ಮೊದಲ ವಾರವೇ ಮನೆಗೆ ಬರಬೇಕು. ಅವರ ಕೈ ಕಡಿಮೆಯದಲ್ಲ. ಕೊಟ್ಟ ಹೊತ್ತು ಸಾಲಲ್ಲ. ಬೇಗ ಮಾಡೋದೇ ಪ್ರತಿಭೆ ಅಂತ ನೋಡೋ ಮಕ್ಕಳು ತಿಳಿದುಕೊಂಡರೆ ಏನು ಗತಿ?

ಟೇಪು ಕತ್ತರಿ

ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ನೀವು ಹೇಳಿದ್ದು ಸರಿ. ಮದುವೆ ಸೀಸನ್‌ನಲ್ಲಿ ನಾವೂ ರಾತ್ರಿಯೆಲ್ಲ ಕೂತು ಹೊಲಿಯುತ್ತೇವೆ. ಆದರೆ ಅದು ನಮ್ಮ ಒಳ್ಳೆಯ ಕೆಲಸ ಅಂತ ಯಾವತ್ತೂ ಹೇಳಲ್ಲ.

ಒಂದು ಕಡೆ ಮಾತ್ರ ಆ ಶೋ ಹೊತ್ತು ಕೊಡುತ್ತದೆ. ಫೈನಲ್‌ಗೆ ಬಂದವರನ್ನು ಮನೆಗೆ ಕಳಿಸಿ, ದುಡ್ಡು ಕೊಟ್ಟು, ವಾರಗಟ್ಟಲೆ ಸಮಯ ಬಿಟ್ಟು ಕಲೆಕ್ಷನ್ ಮಾಡಿಸುತ್ತಾರೆ. ಮಧ್ಯದಲ್ಲಿ ಟಿಮ್ ಗನ್ ಅವರವರ ಮನೆಗೇ ಹೋಗಿ ನೋಡುತ್ತಾರೆ. ಇಡೀ ಸೀಸನ್‌ನಲ್ಲಿ ನನಗೆ ಅತಿ ಇಷ್ಟದ ಎಪಿಸೋಡ್ ಅದು. ಒಬ್ಬರದು ಸಣ್ಣ ಬಾಡಿಗೆ ಮನೆ, ಊಟದ ಟೇಬಲ್ ಮೇಲೇ ಕಟಿಂಗ್. ಇನ್ನೊಬ್ಬರ ಮನೆಯಲ್ಲಿ ಅಮ್ಮ ಅಡುಗೆ ಮಾಡಿ ಬಡಿಸುತ್ತಾರೆ. ಟಿಮ್ ಗನ್ ಅಲ್ಲಿ ಹೊಗಳೋಕೆ ಹೋಗಲ್ಲ. ಸೂಟು ಹಾಕಿಕೊಂಡು, ಗದ್ದಕ್ಕೆ ಕೈ ಇಟ್ಟುಕೊಂಡು ಬಟ್ಟೆ ನೋಡುತ್ತಾರೆ. ಇದು ಜಾಸ್ತಿ ಆಯಿತು, ಇದನ್ನು ತೆಗಿ, ಇದರ ಬಗ್ಗೆ ನನಗೆ ಚಿಂತೆ ಇದೆ ಅಂತ ಮೆತ್ತಗೆ ಹೇಳುತ್ತಾರೆ. ತಾನೇ ಕತ್ತರಿ ಹಿಡಿಯಲ್ಲ, ತನ್ನ ರುಚಿ ಹೇರಲ್ಲ. ನನಗೆ ಹೊಲಿಗೆ ಕಲಿಸಿದ ಮಾಸ್ಟರ್ ಹಾಗಿರಲಿಲ್ಲ, ಕೈಯಿಂದ ಬಟ್ಟೆ ಕಿತ್ತುಕೊಂಡು ತಾವೇ ಹೊಲಿದುಬಿಡುತ್ತಿದ್ದರು. ಈಗ ನನ್ನ ಹತ್ತಿರ ಕಲಿಯುವ ಹುಡುಗಿಯರಿಗೆ ನಾನು ಟಿಮ್ ಗನ್ ರೀತಿಯಲ್ಲೇ ಹೇಳಿಕೊಡುತ್ತೇನೆ. ಮೇಲೆ ನಿಂತು ಪ್ರಶ್ನೆ ಕೇಳುತ್ತೇನೆ. ಉತ್ತರ ಅವರೇ ಹುಡುಕುತ್ತಾರೆ.

ಅಮ್ಮನ ಮಗ

ಎಲ್ಲ ಓದಿದೆ. ಅಮ್ಮನಿಗೆ ಹೊಲಿಗೆ ಅಂದರೆ ಪ್ರಾಣ. ಅವರ ಜತೆ ನೋಡಬೇಕು. ಇಂಗ್ಲಿಷ್ ಅಷ್ಟಾಗಿ ಬರಲ್ಲ ಅವರಿಗೆ. ಎಲ್ಲಿಂದ ಶುರು ಮಾಡಲಿ?

ಡಿಸೈನ್ ಓದ್ತಿರೋಳು

ಅಮ್ಮನ ಜತೆ ಆದರೆ ಮೊದಲು ಬ್ರಿಟನ್ನಿನ ಗ್ರೇಟ್ ಬ್ರಿಟಿಷ್ ಸೂಯಿಂಗ್ ಬೀ ನೋಡಿ. 2013ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು. ಅದರಲ್ಲಿ ಬರುವವರು ಡಿಸೈನರ್‌ಗಳಲ್ಲ, ಮನೆಯಲ್ಲಿ ಹೊಲಿಯುವವರು. ಮೊದಲ ಸಲ ಗೆದ್ದವರು ಆ್ಯನ್ ರೌಲಿ, ಆಗ ಅವರಿಗೆ 81 ವರ್ಷ. ಹಳೆ ಬಟ್ಟೆ ಕೊಟ್ಟು ಅದರಿಂದ ಹೊಸದು ಮಾಡಿ ಅನ್ನೋ ಸುತ್ತು ಒಂದಿದೆ, ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಜಗಳ ಇಲ್ಲ, ಒಬ್ಬರಿಗೊಬ್ಬರು ಕೈಜೋಡಿಸುತ್ತಾರೆ. ತೀರ್ಪುಗಾರರು ಹೊಲಿಗೆಯನ್ನು ಹತ್ತಿರದಿಂದ ಎತ್ತಿ ಹಿಡಿದು, ಜಿಪ್, ಕಾಲರ್, ಅಂಚು ಒಂದೊಂದಾಗಿ ನೋಡುತ್ತಾರೆ. ಭಾಷೆ ಗೊತ್ತಿಲ್ಲದಿದ್ದರೂ ಕೈ ನೋಡಿ ಅರ್ಥವಾಗುತ್ತದೆ.

ಟೇಪು ಕತ್ತರಿ

ಅದು ಒಳ್ಳೆ ಸಲಹೆ. ಆಮೇಲೆ ರನ್‌ವೇಗೆ ಬನ್ನಿ, ನಾಲ್ಕನೇ ಸೀಸನ್‌ನಿಂದ. ಸಿರಿಯಾನೊ ಕೈ ಎಷ್ಟು ಚುರುಕು ಅಂತ ಅಮ್ಮ ನೋಡಲಿ. ಮೊದಲ ಎರಡು ಸೀಸನ್ ಆಮೇಲೆ ನೋಡಿದರೂ ನಡೆಯುತ್ತದೆ.

ನಾನು ಒಂಬತ್ತನೆಯದು ಶನಿವಾರ ರಾತ್ರಿ ಶುರು ಮಾಡುತ್ತೇನೆ. ಜತೆಗೆ ನೋಡುವವರು ಯಾರಾದರೂ ಇದ್ದೀರಾ? ಬಟ್ಟೆ ಅಂಗಡಿ ದೃಶ್ಯ ಮುಗಿದ ಕೂಡಲೇ ನಿಲ್ಲಿಸಿ, ಯಾರ ಬಟ್ಟೆ ಯಾರಿಗೆ ಕೈ ಕೊಡುತ್ತದೆ ಅಂತ ಇಲ್ಲಿ ಬರೆಯೋಣ.

ಲೈನ್ ಸೂಪರ್‌ವೈಸರ್

ನಾನೂ ಮಗಳೂ ಬರುತ್ತೇವೆ. ಶನಿವಾರ ನನಗೆ ಶಿಫ್ಟ್ ಇದೆ, ಭಾನುವಾರ ಇಟ್ಟುಕೊಂಡರೆ ಅನುಕೂಲ.

ಧಾರವಾಡದ ಸೂಜಿ

ಭಾನುವಾರ ನನಗೂ ಆಗುತ್ತದೆ.